ಪ್ರತಿ 50ನೇ ಅಕ್ಷರ: ಧರ್ಮಗ್ರಂಥಗಳಲ್ಲಿ ಗುಟ್ಟು ಹುಡುಕಿದವರ ಕಥೆ

ಒಂದು ಪೆನ್ಸಿಲ್ ತಗೊಂಡು ನಮ್ಮ ನಾಡಗೀತೆಯ ಮೊದಲ ಸಾಲು ಬರೆಯಿರಿ: ಜಯ ಭಾರತ ಜನನಿಯ ತನುಜಾತೆ. ಒಟ್ಟು 13 ಅಕ್ಷರ. ಈಗ 1, 7 ಮತ್ತು 13ನೇ ಅಕ್ಷರಕ್ಕೆ ಸುತ್ತು ಹಾಕಿ. ಜ, ನ, ತೆ. ಜನತೆ! ಸಾಲಿನ ಶುರುವಿನಲ್ಲಿ ಒಂದು, ನಟ್ಟನಡುವೆ ಒಂದು, ಕೊನೆಗೆ ಒಂದು. ಕುವೆಂಪು ಬೇಕೆಂದೇ ಬಚ್ಚಿಟ್ಟಿದ್ದರಾ? ಮೊದಲ ಸಲ ಕಂಡಾಗ ಮೈ ಜುಮ್ಮೆನ್ನುತ್ತದೆ, ಅಲ್ವಾ?

ಇದೇ ಜುಮ್ಮು ಸ್ಲೊವಾಕಿಯಾದ ರಬ್ಬಿ, ಅಂದರೆ ಯಹೂದಿ ಧರ್ಮಗುರು, ಮೈಕಲ್ ಬೆರ್ ವೈಸ್‌ಮಂಡಲ್ ಅವರನ್ನೂ ಹಿಡಿದಿತ್ತು. ಯಹೂದಿಗಳ ತೋರಾ ಅಂದರೆ ಬೈಬಲ್ಲಿನ ಮೊದಲ ಐದು ಪುಸ್ತಕ, ಒಟ್ಟು 3,04,805 ಅಕ್ಷರ. ಅದನ್ನು ಅವರು ಕಾರ್ಡುಗಳ ಮೇಲೆ ಹತ್ತು ಸಾಲು, ಹತ್ತು ಕಂಬದ ಚೌಕಗಳಾಗಿ ಕೈಯಲ್ಲೇ ಬರೆದುಕೊಂಡರು. ತೋರಾದ ಮೊದಲ ಪುಸ್ತಕ ಆದಿಕಾಂಡದ ಮೊದಲ ಪದದ ಕೊನೆಯಲ್ಲಿ ‘ತ’ ಇದೆ. ಅಲ್ಲಿಂದ 50 ಅಕ್ಷರ ಎಣಿಸಿದರೆ ಇನ್ನೊಂದು, ಮತ್ತೆ 50 ಎಣಿಸಿದರೆ ಮತ್ತೊಂದು. ನಾಲ್ಕು ಅಕ್ಷರ ಕೂಡಿಸಿದರೆ ‘ತೋರಾ’. ಎರಡನೇ ಪುಸ್ತಕ ವಿಮೋಚನಕಾಂಡದ ಶುರುವಿನಲ್ಲೂ ಹಾಗೇ. ಯುದ್ಧಕಾಲದಲ್ಲಿ ಸ್ಲೊವಾಕಿಯಾದ ಯಹೂದಿಗಳನ್ನು ಉಳಿಸಲು ನಾಜಿಗಳ ಜೊತೆ ದುಡ್ಡಿನ ಮಾತುಕತೆಗೂ ಇಳಿದಿದ್ದ ಮನುಷ್ಯ ಇವರು. ನಾಜಿಗಳ ಸಾವಿನ ಶಿಬಿರ ಆಶ್‌ವಿಟ್ಜ್‌ಗೆ ಹೊರಟ ರೈಲಿನಿಂದ ಹಾರಿ ತಪ್ಪಿಸಿಕೊಂಡರು. ಹೆಂಡತಿ ಮಕ್ಕಳು ಉಳಿಯಲಿಲ್ಲ. 1957ರಲ್ಲಿ ಅಮೆರಿಕದಲ್ಲಿ ತೀರಿಕೊಂಡ ಮೇಲೆ ಶಿಷ್ಯರು ಅವರ ಈ ಎಣಿಕೆಗಳನ್ನು ಅಚ್ಚು ಹಾಕಿಸಿದರು.

ಹೀಬ್ರೂ ಬರಹದ ಒಂದು ಗುಣ ಇಲ್ಲಿ ಗೊತ್ತಿರಬೇಕು. ತೋರಾದ ಸುರುಳಿಯಲ್ಲಿ ಬರೀ ವ್ಯಂಜನಗಳಿರುತ್ತವೆ, ಸ್ವರ ಚಿಹ್ನೆ ಇಲ್ಲ. ನಮ್ಮ ಹಾಗೆ ಕಾಗುಣಿತ, ಒತ್ತಕ್ಷರದ ಕಾಟವಿಲ್ಲ. ಇರುವುದೇ 22 ಅಕ್ಷರ. ಎಲ್ಲಿ ಹೆಕ್ಕಿದರೂ ಏನೋ ಒಂದು ಪದ ಆಗಿಬಿಡುತ್ತದೆ.

ಇಷ್ಟರವರೆಗೆ ಇದು ಮನೆಮಂದಿಯ ಭಕ್ತಿ. ಗಲಾಟೆ ಶುರುವಾಗಿದ್ದು ಕಂಪ್ಯೂಟರ್ ಬಂದ ಮೇಲೆ. ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾಲಯದ ಗಣಿತಜ್ಞ ಎಲಿಯಾಹು ರಿಪ್ಸ್, ಡೊರೊನ್ ವಿಟ್ಜ್‌ಟಮ್ ಮತ್ತು ಯೋವ್ ರೋಸೆನ್‌ಬರ್ಗ್ ಸೇರಿ ಆದಿಕಾಂಡದ 78,064 ಅಕ್ಷರಗಳನ್ನು ಜರಡಿ ಹಿಡಿದರು. ಹುಡುಕಿದ್ದು 32 ಪ್ರಸಿದ್ಧ ರಬ್ಬಿಗಳ ಹೆಸರು ಮತ್ತು ಅವರು ಹುಟ್ಟಿದ ಅಥವಾ ಸತ್ತ ದಿನ. ಸಮ ಅಂತರದಲ್ಲಿ ಸಿಗುವ ಹೆಸರೂ ದಿನವೂ ಅಕ್ಕಪಕ್ಕದಲ್ಲೇ ಬರುತ್ತವೆ, ಅದು ಸುಮ್ನೆ ಆಗುವ ಸಾಧ್ಯತೆ ಹತ್ತು ಲಕ್ಷಕ್ಕೆ 16 ಮಾತ್ರ ಅಂದರು. 1994ರಲ್ಲಿ ‘ಸ್ಟಾಟಿಸ್ಟಿಕಲ್ ಸೈನ್ಸ್’ ಎಂಬ ಗಟ್ಟಿ ಪತ್ರಿಕೆಯಲ್ಲಿ ಅದು ಪ್ರಕಟವಾಯಿತು. ಸಂಪಾದಕರು ಇದನ್ನು ನಿಜ ಅಂತ ಒಪ್ಪಿರಲಿಲ್ಲ. ಬಿಡಿಸಿ ನೋಡಿ ಅಂತ ಓದುಗರ ಮುಂದೆ ಒಗಟಿನ ಹಾಗೆ ಇಟ್ಟಿದ್ದರು. ಜನಕ್ಕೆ ಆ ವ್ಯತ್ಯಾಸ ಯಾಕೆ ಬೇಕು?

1997ರಲ್ಲಿ ಅಮೆರಿಕದ ಪತ್ರಕರ್ತ ಮೈಕಲ್ ಡ್ರೊಸ್ನಿನ್ ಇದರ ಮೇಲೆ ಪುಸ್ತಕವನ್ನೇ ಬರೆದ. ಇಸ್ರೇಲಿನ ಪ್ರಧಾನಿ ರಬಿನ್ ಕೊಲೆಯನ್ನು ತೋರಾದಲ್ಲಿ ಮುಂಚೆಯೇ ಕಂಡಿದ್ದೆ, ಎಚ್ಚರಿಸಿದ್ದೆ ಎಂದ. ಪುಸ್ತಕ ಬಿಸಿ ದೋಸೆ ಥರ ಖರ್ಚಾಯಿತು. ರಿಪ್ಸ್ ಮಾತ್ರ ಇದಕ್ಕೂ ನನಗೂ ಸಂಬಂಧವಿಲ್ಲ ಅಂತ ಕೈ ತೊಳೆದುಕೊಂಡರು. ಟೀಕಾಕಾರರಿಗೆ ಡ್ರೊಸ್ನಿನ್ ಒಂದು ಸವಾಲು ಹಾಕಿದ: ‘ಮೋಬಿ ಡಿಕ್’ ಕಾದಂಬರಿಯಲ್ಲಿ ಒಬ್ಬ ಪ್ರಧಾನಿಯ ಕೊಲೆಯನ್ನು ಹುಡುಕಿ ತೋರಿಸಿ, ಆಗ ನಂಬುತ್ತೇನೆ.

ಆಸ್ಟ್ರೇಲಿಯಾದ ಗಣಿತಜ್ಞ ಬ್ರೆಂಡನ್ ಮೆಕೇ ಹುಡುಕಿ ತೋರಿಸಿಯೇ ಬಿಟ್ಟರು. ತಿಮಿಂಗಿಲ ಬೇಟೆಯ ಆ ಕಾದಂಬರಿಯಲ್ಲಿ ಇಂದಿರಾ ಗಾಂಧಿ ಸಿಕ್ಕರು. ಟ್ರಾಟ್‌ಸ್ಕಿ, ಕೆನಡಿ, ಮಾರ್ಟಿನ್ ಲೂಥರ್ ಕಿಂಗ್, ಕೊನೆಗೆ ರಬಿನ್ ಕೂಡ ಸಿಕ್ಕರು.

ಅದೇನೋ ತಮಾಷೆಯಾಯಿತು. 1994ರ ಲೇಖನಕ್ಕೆ ನಿಜವಾದ ಉತ್ತರ ಬಂದಿದ್ದು 1999ರಲ್ಲಿ, ಅದೇ ಪತ್ರಿಕೆಯಲ್ಲಿ. ಮೆಕೇ ಜೊತೆ ಡ್ರೋರ್ ಬಾರ್-ನಾಟನ್, ಮಾಯಾ ಬಾರ್-ಹಿಲ್ಲೆಲ್, ಗಿಲ್ ಕಲಾಯಿ ಇದ್ದರು. ಅವರು ಕೈಯಿಟ್ಟಿದ್ದು ಹೆಸರುಗಳ ಪಟ್ಟಿಗೆ. ಒಬ್ಬ ರಬ್ಬಿಗೆ ಹತ್ತು ಹೆಸರು: ಊರಿನದು, ಬಿರುದು, ಬರೆದ ಗ್ರಂಥದ್ದು, ಒಂದೊಂದಕ್ಕೂ ಎರಡು ಮೂರು ಕಾಗುಣಿತ. ನಮ್ಮಲ್ಲಿ ಬಸವಣ್ಣ, ಬಸವೇಶ್ವರ, ಬಸವರಾಜ ಇದ್ದ ಹಾಗೆ. ಯಾವುದನ್ನು ಪಟ್ಟಿಗೆ ಸೇರಿಸಬೇಕು, ಯಾವುದನ್ನು ಬಿಡಬೇಕು? ಪಟ್ಟಿಯನ್ನು ಚೂರು ಬದಲಿಸಿ ಇವರು ‘ಯುದ್ಧ ಮತ್ತು ಶಾಂತಿ’ಯ ಹೀಬ್ರೂ ಅನುವಾದದಲ್ಲಿ ಅಷ್ಟೇ ದೊಡ್ಡ ಪವಾಡ ಮಾಡಿ ತೋರಿಸಿದರು. ಅದರ ಮೇಲೆ, ಹಳೆಯ ಹಸ್ತಪ್ರತಿಗಳಲ್ಲಿ ಅಲ್ಲಲ್ಲಿ ಅಕ್ಷರ ಹೆಚ್ಚುಕಮ್ಮಿ ಇವೆ. ನಡುವೆ ಒಂದು ಅಕ್ಷರ ಜಾರಿದರೂ 50ರ ಎಣಿಕೆ ಹಳಿ ತಪ್ಪುತ್ತದೆ.

ಈಗ ಪೆನ್ಸಿಲ್ ಮತ್ತೆ ಎತ್ತಿಕೊಳ್ಳಿ. ಅದೇ ಸಾಲಿನಲ್ಲಿ 4, 6, 8ನೇ ಅಕ್ಷರ ನೋಡಿ. ರ, ಜ, ನಿ. ಬೆಂಗಳೂರಿನ ಬಸ್ ಕಂಡಕ್ಟರ್ ಒಬ್ಬ ಸೂಪರ್‌ಸ್ಟಾರ್ ಆಗುತ್ತಾನೆ ಅಂತ ಕುವೆಂಪು ಆತ ಹುಟ್ಟುವ ಮೊದಲೇ ಬರೆದಿಟ್ಟಿದ್ದರು ಅನ್ನೋಣವಾ? ‘ಜನತೆ’ಗೆ ಆರರ ಹೆಜ್ಜೆ, ‘ರಜನಿ’ಗೆ ಎರಡರ ಹೆಜ್ಜೆ. ಹೆಜ್ಜೆ ನನ್ನದು, ಶುರುವಿನ ಜಾಗ ನನ್ನದು, ಸಿಕ್ಕಿದ್ದರಲ್ಲಿ ಯಾವುದು ಗುಟ್ಟು, ಯಾವುದು ಕಸ ಅನ್ನುವ ತೀರ್ಮಾನವೂ ನನ್ನದೇ.

ಕುರಾನಿನ ಎಣಿಕೆಗಳೆಲ್ಲ 19ರಿಂದ ಭಾಗವಾಗುತ್ತವೆ ಅಂತ ಲೆಕ್ಕ ಹುಡುಕಿದ ಈಜಿಪ್ಟ್ ಮೂಲದ ರಶಾದ್ ಖಲೀಫಾ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಲೆಕ್ಕ ಕೂಡದಿದ್ದಾಗ 9ನೇ ಸೂರಾದ (ಅಧ್ಯಾಯದ) ಕೊನೆಯ ಎರಡು ವಾಕ್ಯ ಮೂಲದ್ದೇ ಅಲ್ಲ ಅಂದುಬಿಟ್ಟ!

ನಾವೇನು ಕಮ್ಮಿ? ವಿಜಯನಗರದ ಬುಕ್ಕರಾಯನ ಕಾಲದ ಸಾಯಣಾಚಾರ್ಯರು ಋಗ್ವೇದ ಭಾಷ್ಯದಲ್ಲಿ ಸೂರ್ಯನಿಗೆ ನಮಸ್ಕರಿಸುವ ಒಂದು ಶ್ಲೋಕ ಕೊಡುತ್ತಾರೆ. ಅರ್ಧ ನಿಮಿಷದಲ್ಲಿ 2202 ಯೋಜನ ಹೋಗುವವನೇ, ನಿನಗೆ ನಮಸ್ಕಾರ. ಇಲ್ಲಿ ನಿಮಿಷ ಅಂದರೆ ಕಣ್ಣು ಮಿಟುಕಿಸುವಷ್ಟು ಹೊತ್ತು. ಯೋಜನಕ್ಕೆ 9 ಮೈಲಿ, ನಿಮಿಷಕ್ಕೆ ಪುರಾಣದ ಲೆಕ್ಕ ಹಿಡಿದರೆ ಸೆಕೆಂಡಿಗೆ ಸುಮಾರು 1,85,800 ಮೈಲಿ. ಬೆಳಕಿನ ವೇಗ 1,86,282. ವಾಟ್ಸಾಪ್‌ನಲ್ಲಿ ಇದನ್ನು ನೋಡದವರು ಯಾರು? ಆದರೆ ಮನುಸ್ಮೃತಿಯ ನಿಮಿಷ ಇನ್ನೂ ಚಿಕ್ಕದು. ಅದನ್ನು ಹಿಡಿದರೆ ಉತ್ತರ 2,23,000ದ ಹತ್ತಿರ ಹೋಗುತ್ತದೆ. ಹನುಮಾನ್ ಚಾಲೀಸಾದಲ್ಲಿ ಸೂರ್ಯನ ದೂರ ಇದೆ ಅನ್ನುವ ಇನ್ನೊಂದು ಫಾರ್ವರ್ಡ್ ಇದೆಯಲ್ಲ, ಅದಕ್ಕೆ ಯೋಜನ 8 ಮೈಲಿ ಆಗಬೇಕು. ಒಂದೇ ಗ್ರೂಪಿನಲ್ಲಿ ಬೆಳಿಗ್ಗೆ ಯೋಜನ 9 ಮೈಲಿ, ಸಂಜೆ 8.

ಬರೆದವರೇ ಅಂಕಿ ಅಡಗಿಸಿಟ್ಟ ಉದಾಹರಣೆಗಳೂ ಇವೆ, ಅದು ಬೇರೆ ಮಾತು. ಅಕ್ಷರದ ಬದಲು ಅಂಕಿಗಳಲ್ಲಿ ಬರೆದ ಜೈನ ಗ್ರಂಥ ಸಿರಿಭೂವಲಯದ 27 ಅಡ್ಡ, 27 ಉದ್ದದ ಅಂಕಿಯ ಚೌಕಗಳು ಹಾಗೆ. ಅದರ ಕಾಲದ ಜಗಳಕ್ಕೆ ಇನ್ನೊಂದು ಲೇಖನವೇ ಬೇಕು. ಸುಲಭದ ಉದಾಹರಣೆ ಕಟಪಯಾದಿ, ಅಂದರೆ ಅಕ್ಷರಗಳಲ್ಲಿ ಅಂಕಿ ಬರೆಯುವ ನಮ್ಮ ಹಳೆಯ ಪದ್ಧತಿ. ಕ, ಟ, ಪ, ಯ ನಾಲ್ಕಕ್ಕೂ 1, ಅಲ್ಲಿಂದ ಮುಂದಕ್ಕೆ ಎಣಿಕೆ, ಕೊನೆಗೆ ಹಿಂದುಮುಂದು ಓದಬೇಕು. ಮೇಚಕಲ್ಯಾಣಿ ರಾಗದ ಹೆಸರಿನಲ್ಲಿ ಮ 5, ಚ 6. ಅದು ಕರ್ನಾಟಕ ಸಂಗೀತದ 65ನೇ ಮೇಳಕರ್ತ, ಅಂದರೆ ಮೂಲ ರಾಗ. ಕಲ್ಯಾಣಿಗೆ ‘ಮೇಚ’ ಅಂಟಿಸಿದ್ದೇ ಆ ಅಂಕಿಗೋಸ್ಕರ. ಬೀಗ ಹಾಕಿದವರೇ ಕೀಲಿಯನ್ನೂ ಕೊಟ್ಟಿದ್ದಾರೆ.

ಇದೇ ಕೀಲಿಯನ್ನು ನಾಡಗೀತೆಯ ಮೊದಲ ಪದಕ್ಕೆ ಹಾಕಿದೆ. ಜ 8, ಯ 1, ತಿರುಗಿಸಿದರೆ 18. ‘ಜಯ’ ಮಹಾಭಾರತದ ಹಳೆಯ ಹೆಸರು. ಪರ್ವ 18, ಯುದ್ಧ 18 ದಿನ, ಗೀತೆಗೆ 18 ಅಧ್ಯಾಯ. ಕಟಪಯಾದಿ ಬಳಕೆಗೆ ಬಂದಿದ್ದು ಮಹಾಭಾರತ ಆಗಿ ಎಷ್ಟೋ ಕಾಲದ ಮೇಲೆ ಅಂತ ಗೊತ್ತಿದ್ದೂ ಖುಷಿಯಾಯಿತು. ಯಹೂದಿಗಳಲ್ಲೂ ಅಕ್ಷರಕ್ಕೆ ಅಂಕಿ ಕೂಡುವ ಪದ್ಧತಿ ಇದೆ, ಗೆಮಾಟ್ರಿಯಾ ಅಂತಾರೆ. ಅವರ ‘ಖಾಯ್’, ಅಂದರೆ ಜೀವ, ಕೂಡಿದರೆ ಅದೂ 18. ಅದಕ್ಕೇ ಮದುವೆಯ ಮುಯ್ಯಿ 18, 36, 54 ಅಂತ ಕೊಡುತ್ತಾರೆ. ನಾವು ಕವರಿಗೆ ಇನ್ನೂ ಒಂದು ರೂಪಾಯಿ ನಾಣ್ಯ ಹುಡುಕುತ್ತಲೇ ಇದ್ದೇವೆ.