ಹೊನಲು ಬೆಳಕಿನ ರೇಸು, ಕೆಂಪು ಧೂಳು ಮತ್ತು ರಾ ಫೈಲು

ಪೋಸ್ಟರಿನಲ್ಲಿ ‘ಹೊನಲು ಬೆಳಕಿನ ಬೈಕ್ ರೇಸ್’ ಅಂತ ದೊಡ್ಡದಾಗಿ ಹಾಕಿರುತ್ತಾರೆ. ಮೈದಾನಕ್ಕೆ ಹೋಗಿ ನೋಡಿದರೆ ಒಂದು ಮೂಲೆಯಲ್ಲಿ ಬಿಳಿ ಎಲ್‌ಇಡಿ, ಇನ್ನೊಂದು ಮೂಲೆಯಲ್ಲಿ ಶಾಮಿಯಾನದವರು ತಂದ ಹಳದಿ ಹ್ಯಾಲೋಜನ್, ಹಿಂದೆ ರಸ್ತೆಯ ಸೋಡಿಯಂ ದೀಪ. ನಡುವೆ ಬರೀ ಕತ್ತಲು. ಬಳ್ಳಾರಿ, ಕೊಪ್ಪಳದ ಕಡೆ ರಾತ್ರಿ ಫೋಟೊ ತೆಗೆಯುವವರಿಗೆ ಸಿಗುವ ಬೆಳಕು ಇಷ್ಟೇ. 2024ರಲ್ಲಿ ಚೆನ್ನೈನ ಬೀದಿಗಳಲ್ಲಿ ಫಾರ್ಮುಲಾ 4 ರಾತ್ರಿ ರೇಸ್ ನಡೆದಾಗ ಸುಮಾರು 3.5 ಕಿ.ಮೀ. ಟ್ರ್ಯಾಕಿಗೆ ದೀಪ ಕಟ್ಟಿದ್ದರು. ಅಲ್ಲಿನ ಫೋಟೊ ನೋಡಿ ಅದೇ ಸೆಟ್ಟಿಂಗ್ ಇಲ್ಲಿ ಹಾಕಿದರೆ ನಡೆಯುವುದಿಲ್ಲ.

ಹೊಸ ಹುಡುಗರು ಮೊದಲು ಕೇಳುವುದು ಒಂದೇ ಮಾತು: “ಅಣ್ಣಾ, ಜೆಪೆಗ್ ಸಾಕಲ್ಲ? ರಾ ಹಾಕಿದ್ರೆ ಕಾರ್ಡ್ ಬೇಗ ತುಂಬ್ತೈತಿ.” ಹಗಲಿನ ರೇಸಿಗೆ ಜೆಪೆಗ್ ಸಾಕು, ನಾನೂ ಒಪ್ಪುತ್ತೇನೆ. ರಾತ್ರಿಗೆ ಸಾಲದು. ಗಂಗಾವತಿ, ಸಿಂಧನೂರಿನವರಿಗೆ ಬೇಗ ಅರ್ಥವಾಗುವಂತೆ ಹೇಳಬೇಕೆಂದರೆ ರಾ ಅಂದರೆ ಭತ್ತ, ಕ್ಯಾಮೆರಾ ಹಿಡಿದದ್ದನ್ನೆಲ್ಲ ಹಾಗೇ ಉಳಿಸಿಕೊಂಡ ಫೈಲು; ಜೆಪೆಗ್ ಅಂದರೆ ಮಿಲ್ಲಿನಿಂದ ಹೊರಬಂದ ಅಕ್ಕಿ. ಎಷ್ಟು ಪಾಲಿಶ್ ಬೇಕು ಅಂತ ಕ್ಯಾಮೆರಾ ತಾನೇ ನಿರ್ಧರಿಸಿ, ಉಳಿದದ್ದನ್ನು ತೆಗೆದುಹಾಕಿರುತ್ತದೆ. ಜೆಪೆಗ್‌ನಲ್ಲಿ ಒಂದೊಂದು ಬಣ್ಣಕ್ಕೆ 256 ಹಂತಗಳು. 14 ಬಿಟ್ ರಾ ಫೈಲಿನಲ್ಲಿ 16,384. ಕತ್ತಲಲ್ಲಿ ಮುಳುಗಿದ ಸವಾರನ ಜಾಕೆಟ್ಟನ್ನು ಮೇಲೆತ್ತುವಾಗ ಈ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಜೆಪೆಗ್‌ನಲ್ಲಿ ಪಟ್ಟೆಪಟ್ಟೆಯಾಗಿ ಒಡೆಯುವ ಜಾಗದಲ್ಲಿ ರಾ ಫೈಲು ಬಟ್ಟೆಯ ಹೊಲಿಗೆಯನ್ನೂ ತೋರಿಸುತ್ತದೆ.

ನಮ್ಮ ಭಾಗದಲ್ಲಿ ರಾ ಬೇಕೇಬೇಕು ಅನ್ನಲು ಇನ್ನೊಂದು ಕಾರಣ ಮಣ್ಣು. ಸಂಡೂರಿನ ಕಡೆ ಅದಿರಿನ ಕೆಂಪು ಧೂಳು. ಫ್ರೇಮಿನ ತುಂಬ ಕೆಂಪೇ ಇದ್ದರೆ ಬಿಳಿ ಯಾವುದು ಅಂತ ತಾನೇ ಊಹಿಸಿ ಬಣ್ಣ ಹೊಂದಿಸುವ ಆಟೊ ವೈಟ್ ಬ್ಯಾಲೆನ್ಸ್ ಗೊಂದಲಕ್ಕೆ ಬೀಳುತ್ತದೆ. ಬಣ್ಣ ಜಾಸ್ತಿಯಾಯಿತು ಅಂತ ತಿಳಿದು ನೀಲಿ ಬೆರೆಸುತ್ತದೆ. ಕೆಂಪು ನೆಲ ಬೂದಿಯ ಹಾಗೆ ಕಾಣುತ್ತದೆ. ಸಂಡೂರಿನ ಹುಡುಗನಿಗೆ ಆ ಫೋಟೊ ತೋರಿಸಿ ನೋಡಿ, “ಇದು ನಮ್ಮೂರಲ್ಲ” ಅಂದುಬಿಡುತ್ತಾನೆ. ರಾ ಫೈಲಿನಲ್ಲಿ ಬಿಳಿ ಯಾವುದು ಅಂತ ಆಮೇಲೆ ನಾವು ಹೇಳಬಹುದು. ಬೈಕಿನ ನಂಬರ್ ಪ್ಲೇಟಿನ ಬಿಳಿ ಭಾಗದ ಮೇಲೆ ಕ್ಲಿಕ್ ಮಾಡಿದರೆ ಮಣ್ಣು ತನ್ನ ಬಣ್ಣಕ್ಕೆ ಬರುತ್ತದೆ. ಸೋಡಿಯಂ ದೀಪದ ಕೆಳಗೆ ಮಾತ್ರ ಈ ಆಟ ನಡೆಯುವುದಿಲ್ಲ. ಅದರ ಬೆಳಕಿನಲ್ಲಿ ಹಳದಿ ಬಿಟ್ಟರೆ ಬೇರೆ ಬಣ್ಣವೇ ಕಡಿಮೆ. ಇಲ್ಲದ ಬಣ್ಣವನ್ನು ರಾ ಎಲ್ಲಿಂದ ತರಬೇಕು? ಅಂಥ ಫೋಟೊವನ್ನು ನಾನು ಕಪ್ಪು ಬಿಳುಪು ಮಾಡುತ್ತೇನೆ.

ರಾ ಇದ್ದರೆ ಎಲ್ಲ ಸರಿಹೋಗುತ್ತದೆ ಅನ್ನುವ ನಂಬಿಕೆ ಬೇಡ. ಫೋಕಸ್ ತಪ್ಪಿದರೆ ತಪ್ಪಿತು. ಸವಾರ ಅಲುಗಾಡಿ ಮಸುಕಾದರೆ ಮುಗಿಯಿತು. ಎಲ್ಲಕ್ಕಿಂತ ಕಾಡುವುದು ದೀಪದ ಮಿನುಗು. ನಮ್ಮ ಕರೆಂಟು 50 ಹರ್ಟ್ಸ್. ಹಾಗಾಗಿ ಅದರ ಮೇಲೆ ಉರಿಯುವ ಅನೇಕ ದೀಪಗಳ ಬೆಳಕು ಸೆಕೆಂಡಿಗೆ 100 ಸಲ ಏರಿ ಇಳಿಯುತ್ತದೆ. ಕಣ್ಣಿಗೆ ಗೊತ್ತಾಗುವುದಿಲ್ಲ, ಸೆಕೆಂಡಿನ 1/1000 ಭಾಗ ಮಾತ್ರ ತೆರೆಯುವ ಶಟರಿಗೆ ಗೊತ್ತಾಗುತ್ತದೆ. ಒಂದೇ ಬರ್ಸ್ಟಿನಲ್ಲಿ, ಅಂದರೆ ಒಂದರ ಹಿಂದೊಂದು ಬೇಗಬೇಗ ತೆಗೆದ ಫೋಟೊಗಳಲ್ಲಿ, ಒಂದು ಫ್ರೇಮ್ ಬೆಳಗಿರುತ್ತದೆ, ಮುಂದಿನದು ಮಂಕು, ಅದರ ಮುಂದಿನದರಲ್ಲಿ ಅರ್ಧ ಭಾಗ ಹಸಿರು. ಮಂಕಾದದ್ದನ್ನು ರಾ ಫೈಲಿನಿಂದ ಎತ್ತಬಹುದು. ಅರ್ಧ ಹಸಿರಾದದ್ದನ್ನು ಸರಿಮಾಡಲು ಕೂತರೆ ಬೆಳಗಾಗುತ್ತದೆ.

ಇದಕ್ಕೆ ಔಷಧ ಕ್ಯಾಮೆರಾದಲ್ಲೇ ಇದೆ. ಕ್ಯಾನನ್ 2014ರಲ್ಲಿ 7ಡಿ ಮಾರ್ಕ್ 2 ತಂದಾಗ ಅದರಲ್ಲಿ ಆ್ಯಂಟಿ ಫ್ಲಿಕರ್ ಕೊಟ್ಟಿತ್ತು, ಈಗ ಅನೇಕ ಕ್ಯಾಮೆರಾಗಳಲ್ಲಿ ಸಿಗುತ್ತದೆ. ದೀಪ ಪೂರ್ತಿ ಬೆಳಗುವ ಕ್ಷಣಕ್ಕೆ ಕಾದು ಅದು ಕ್ಲಿಕ್ ಮಾಡುತ್ತದೆ. ಆದರೆ ಜನರೇಟರಿನ ವೇಗ ಲೋಡಿಗೆ ತಕ್ಕಂತೆ ಹೆಚ್ಚುಕಡಿಮೆಯಾದರೆ ಈ ಲೆಕ್ಕವೂ ತಪ್ಪಬಹುದು. ಆಗ ನಾನು ಶಟರನ್ನು 1/100ಕ್ಕೆ ಇಳಿಸಿ ಪ್ಯಾನಿಂಗ್ ಮಾಡುತ್ತೇನೆ, ಅಂದರೆ ಬೈಕಿನ ಜೊತೆಗೇ ಕ್ಯಾಮೆರಾ ತಿರುಗಿಸುತ್ತೇನೆ. ಬೆಳಕಿನ ಒಂದು ಏರಿಳಿತ ಹೆಚ್ಚುಕಡಿಮೆ ಪೂರ್ತಿ ಒಳಗೆ ಬರುತ್ತದೆ, ಹಿಂದಿನ ಜನಜಂಗುಳಿ ಗೆರೆಗಳಾಗಿ ಕರಗುತ್ತದೆ. ಎಲೆಕ್ಟ್ರಾನಿಕ್ ಶಟರ್ ಮಾತ್ರ ಇಲ್ಲಿ ಬೇಡ. ಹೆಚ್ಚಿನ ಕ್ಯಾಮೆರಾಗಳಲ್ಲಿ ಅದು ಪಟ್ಟೆಗಳನ್ನು ಇನ್ನೂ ಜಾಸ್ತಿ ಮಾಡುತ್ತದೆ.

ಎಕ್ಸ್‌ಪೋಶರನ್ನು ನಾನು ಮ್ಯಾನ್ಯುಯಲ್‌ನಲ್ಲೇ ಇಡುವುದು. ಹೆಡ್‌ಲೈಟ್ ಎದುರಿಗೆ ಬಂದರೆ ಆಟೊ ಹೆದರಿ ಎಲ್ಲವನ್ನೂ ಕತ್ತಲು ಮಾಡುತ್ತದೆ. ಲೆನ್ಸಿನ ಕಿಂಡಿ (ಅಪರ್ಚರ್) 2.8ರಲ್ಲಿ, ಬೆಳಕಿಗೆ ಕ್ಯಾಮೆರಾ ಎಷ್ಟು ಸ್ಪಂದಿಸಬೇಕು ಅನ್ನುವ ಐಎಸ್‌ಒ 3200ರಿಂದ 6400, ಶಟರ್ 1/500ರ ಆಸುಪಾಸು. ಹೆಡ್‌ಲೈಟಿನ ನಡುಭಾಗ ಬಿಳಿಯಾಗಿ ಸುಟ್ಟುಹೋದರೆ ಹೋಗಲಿ. ಹೆಲ್ಮೆಟ್, ನಂಬರ್, ಎದೆಯ ಮೇಲಿನ ಪ್ರಾಯೋಜಕರ ಹೆಸರು ಸುಡಬಾರದು, ಫೋಟೊ ಮಾರಾಟವಾಗುವುದೇ ಅವುಗಳಿಂದ. ಇನ್ನೊಂದು ವಿಷಯ: ಹೆಚ್ಚಿನ ಕ್ಯಾಮೆರಾಗಳು ಹಿಂದಿನ ಪರದೆಯಲ್ಲಿ ತೋರಿಸುವ ಹಿಸ್ಟೋಗ್ರಾಂ (ಬೆಳಕು ಎಷ್ಟಿದೆ ಅಂತ ಹೇಳುವ ನಕ್ಷೆ) ರಾ ಫೈಲಿನದ್ದಲ್ಲ, ಒಳಗೆ ಮಾಡಿಕೊಂಡ ಜೆಪೆಗ್‌ನದು. ಕೆಂಪು ಧೂಳು, ಕೆಂಪು ಟೇಲ್‌ಲೈಟ್ ಸೇರಿದಾಗ ಕೆಂಪಿನ ಗೆರೆ ಮೊದಲು ತುಂಬಿ ಚೆಲ್ಲುತ್ತದೆ. ಮೂರೂ ಬಣ್ಣಗಳನ್ನು ಬೇರೆ ಬೇರೆಯಾಗಿ ತೋರಿಸುವ ಹಿಸ್ಟೋಗ್ರಾಂ ಇಟ್ಟುಕೊಳ್ಳಿ.

ನಮ್ಮ ಕಡೆ ಅತಿ ಚೆಂದ ಬರುವ ಫೋಟೊ ಯಾವುದು ಗೊತ್ತಾ? ಮುಂದಿನ ಬೈಕ್ ಎಬ್ಬಿಸಿದ ಧೂಳಿಗೆ ಹಿಂದಿನ ಬೈಕಿನ ಹೆಡ್‌ಲೈಟ್ ಬಿದ್ದಾಗ ಬರುವುದು. ಮುಂದಿನವನ ಸುತ್ತ ಬೆಂಕಿಯ ಬಣ್ಣದ ಅಂಚು ಕಾಣುತ್ತದೆ. ತಿರುವಿನ ಒಳಭಾಗದಲ್ಲಿ, ಮಾರ್ಷಲ್ ತೋರಿಸಿದ ಜಾಗದಲ್ಲಿ ನಿಂತು ಕಾಯಬೇಕು. ಹೊರಭಾಗದಲ್ಲಿ ಎಂದೂ ನಿಲ್ಲಬೇಡಿ, ಜಾರಿದ ಬೈಕ್ ಬರುವುದು ಅಲ್ಲಿಗೇ. ಸವಾರನ ಮುಖಕ್ಕೆ ಫ್ಲ್ಯಾಶ್ ಹೊಡೆಯುವುದಂತೂ ಬೇಡವೇ ಬೇಡ.

ಇನ್ನು ಮಾರಾಟ. ಇಲ್ಲಿ ರಾ ಫೈಲಿಗಿಂತ ವೇಗ ಮುಖ್ಯ. ಗೆದ್ದ ಹುಡುಗನಿಗೆ ಫೋಟೊ ಬೇಕಾಗಿರುವುದು ಅದೇ ರಾತ್ರಿ, ಸ್ಟೇಟಸ್ಸಿಗೆ. ಮುಂದಿನ ಭಾನುವಾರ ಕಳಿಸಿದರೆ ‘ಚೆನ್ನಾಗೈತಿ’ ಅನ್ನುತ್ತಾನೆ, ದುಡ್ಡು ಬರುವುದಿಲ್ಲ. ಅದಕ್ಕೇ ಒಂದು ಕಾರ್ಡಿಗೆ ರಾ, ಇನ್ನೊಂದಕ್ಕೆ ಸಣ್ಣ ಜೆಪೆಗ್ ಹಾಕುತ್ತೇನೆ. ಸಣ್ಣದಕ್ಕೆ ಹೆಸರಿನ ಗುರುತು ಹಾಕಿ ಅಲ್ಲೇ ಫೋನಿನಿಂದ ತೋರಿಸಿದರೆ, ಬೇಕಾದವರು ಆರಿಸಿ ಹಣ ಹಾಕುತ್ತಾರೆ. ಆರಿಸಿದವನ್ನು ಮಾತ್ರ ಮನೆಗೆ ಹೋಗಿ ರಾ ಫೈಲಿನಿಂದ ಮಾಡುವುದು. ಪೂರ್ತಿ ಫೋಟೊವನ್ನು ವಾಟ್ಸ್‌ಆ್ಯಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿ. ಸುಮ್ನೆ ಫೋಟೊ ಅಂತ ಕಳಿಸಿದರೆ ಅದು ಕುಗ್ಗಿಸಿಬಿಡುತ್ತದೆ.

ಹೆಚ್ಚು ಹಣ ಕೊಡುವವರು ಗ್ಯಾರೇಜಿನವರು, ಟೈರ್ ಅಂಗಡಿಯವರು. ಅವರಿಗೆ ಬೇಕಾದದ್ದು ಫ್ಲೆಕ್ಸ್. 24 ಮೆಗಾಪಿಕ್ಸೆಲ್ ಫೋಟೊ 6000×4000 ಪಿಕ್ಸೆಲ್ ಇರುತ್ತದೆ. ದೂರದಿಂದ ನೋಡುವ ಫ್ಲೆಕ್ಸಿಗೆ ಇಂಚಿಗೆ 100 ಪಿಕ್ಸೆಲ್ ಧಾರಾಳ, ಅಂದರೆ 5 ಅಡಿ ಅಗಲ ಆರಾಮಾಗಿ ಬರುತ್ತದೆ. ಗೋಡೆಗೆ ಹಾಕುವ ಪ್ರಿಂಟಿಗೆ 300 ಬೇಕು, ಆಗ 20 ಇಂಚು. ಸುದ್ದಿ ಸಂಸ್ಥೆಗಳ ರೀತಿ ಬೇರೆ. ರಾಯಿಟರ್ಸ್ 2015ರಲ್ಲಿ ತನ್ನ ಫ್ರೀಲಾನ್ಸ್ ಫೋಟೊಗ್ರಾಫರುಗಳಿಗೆ, ರಾ ಫೈಲಿನಿಂದ ಮಾಡಿದ ಫೋಟೊ ಬೇಡ, ಕ್ಯಾಮೆರಾದ ಜೆಪೆಗ್ ಕಳಿಸಿ ಅಂತ ಹೇಳಿತು.

ಹಕ್ಕಿನ ವಿಷಯ ತಿಳಿದುಕೊಳ್ಳದೆ ಕೆಲಸ ಒಪ್ಪಬೇಡಿ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ನೀವೇ ಸ್ವಂತವಾಗಿ ಹೋಗಿ ತೆಗೆದ ಫೋಟೊದ ಮೊದಲ ಹಕ್ಕು ನಿಮ್ಮದು. ಆದರೆ ಆಯೋಜಕರು ದುಡ್ಡು ಕೊಟ್ಟು ತೆಗೆಸಿದ್ದರೆ, ಬೇರೆ ಒಪ್ಪಂದ ಇಲ್ಲದಿದ್ದಾಗ, ಆ ಹಕ್ಕು ಅವರದು. ಹಾಗಾದರೆ ಸವಾರರಿಗೆ ನೀವು ಮಾರುವಂತಿಲ್ಲ. ಕೆಲಸ ಒಪ್ಪುವ ಮೊದಲೇ ಎರಡು ಸಾಲು ಬರೆಸಿ ಸಹಿ ಹಾಕಿಸಿಕೊಳ್ಳಿ: ಫೋಟೊದ ಹಕ್ಕು ಫೋಟೊಗ್ರಾಫರದು, ಆಯೋಜಕರು ತಮ್ಮ ಪ್ರಚಾರಕ್ಕೆ ಬಳಸಬಹುದು. ಸ್ನೇಹಿತರೇ ಆದರೂ ಬರೆಸಿ.

“ಎಲ್ಲಾ ರಾ ಪೆನ್‌ಡ್ರೈವಿಗೆ ಹಾಕಿ ಕೊಡ್ರಿ” ಅಂತ ಕೇಳುವವರಿಗೆ ನಾನು ಕೊಡುವುದಿಲ್ಲ. ಫೋಟೊ ನನ್ನದು ಅನ್ನಲು ಅದೇ ಗಟ್ಟಿಯಾದ ಸಾಕ್ಷಿ. ಜೊತೆಗೆ ಅದರ ಬೆಲೆ ಮುಂದೆಯೂ ಏರಬಹುದು. 2023ರಲ್ಲಿ ಲೈಟ್‌ರೂಮ್‌ಗೆ (ಫೋಟೊ ತಿದ್ದುವ ಸಾಫ್ಟ್‌ವೇರ್) ಗ್ರೇನ್ ತೆಗೆಯುವ ಹೊಸ ಡಿನಾಯ್ಸ್ ಬಂದಾಗ ಅದು ರಾ ಫೈಲುಗಳ ಮೇಲೆ ಮಾತ್ರ ಕೆಲಸ ಮಾಡುತ್ತಿತ್ತು. ಗ್ರೇನ್ ಜಾಸ್ತಿ ಅಂತ ಬದಿಗಿಟ್ಟಿದ್ದ 6400 ಐಎಸ್‌ಒ ಫೋಟೊಗಳಿಗೆ ಹೀಗೆ ಎರಡನೇ ಜೀವ ಸಿಗುತ್ತದೆ. ಲೈಟ್‌ರೂಮ್ ಕೊಳ್ಳಲು ಆಗದವರು ಡಾರ್ಕ್‌ಟೇಬಲ್, ರಾಥೆರಪಿ ಬಳಸಬಹುದು, ಎರಡೂ ಉಚಿತ. ಫೈಲುಗಳನ್ನು ಎರಡು ಹಾರ್ಡ್‌ಡಿಸ್ಕಿನಲ್ಲಿಡಿ, ಎರಡನ್ನೂ ಒಂದೇ ಮನೆಯಲ್ಲಿಡಬೇಡಿ. ಫೋಲ್ಡರಿಗೆ ದಿನಾಂಕ, ಊರು ಬರೆದು ಒಳಗೆ ಬೈಕಿನ ನಂಬರಿನಂತೆ ಬೇರೆ ಮಾಡಿಡಿ. ಸವಾರರು ವರ್ಷ ಕಳೆದ ಮೇಲೂ ತಮ್ಮ ನಂಬರ್ ಹೇಳಿಯೇ ಫೋಟೊ ಕೇಳುವುದು.