ಅಪ್ಪ ಮಾಡಿಕೊಟ್ಟ ಜಿಪಿಎ ಅವರು ತೀರಿಕೊಂಡ ಮೇಲೂ ನಡೆಯುತ್ತದೆಯೇ?

ಪ್ರಶ್ನೆ: ಸೈಟು ನೋಡಿಕೊಳ್ಳಲು, ಬೇಕಾದರೆ ಮಾರಲು ಅಪ್ಪ ನನ್ನ ಹೆಸರಿಗೆ ಜಿಪಿಎ (ಜನರಲ್ ಪವರ್ ಆಫ್ ಅಟಾರ್ನಿ, ಅಂದರೆ ತಮ್ಮ ಪರವಾಗಿ ವ್ಯವಹರಿಸಲು ಕೊಡುವ ಅಧಿಕಾರಪತ್ರ) ಮಾಡಿಕೊಟ್ಟಿದ್ದರು. ರಿಜಿಸ್ಟರ್ ಕೂಡ ಆಗಿದೆ. ಈಗ ಅವರಿಲ್ಲ. ಅದರ ಮೇಲೆ ಸೈಟು ಮಾರಬಹುದೇ?

ಉತ್ತರ: ಮಾರುವ ಹಾಗಿಲ್ಲ. ನಿಮ್ಮ ತಂದೆ ತೀರಿಕೊಂಡಾಗಲೇ ಆ ಜಿಪಿಎ ಕೂಡ ಮುಗಿಯಿತು. ಇದೇ ಪ್ರಶ್ನೆ ವೇಷ ಬದಲಿಸಿಕೊಂಡು ಬರುತ್ತಲೇ ಇರುತ್ತದೆ: ಒಮ್ಮೆ ಅಪ್ಪನ ಬದಲು ಅತ್ತೆ, ಇನ್ನೊಮ್ಮೆ ಸೈಟಿನ ಬದಲು ತೋಟ. 1872ರ ಕರಾರು ಕಾಯ್ದೆಯ 201ನೇ ಕಲಂ ಮಾತ್ರ ಅಲ್ಲೇ ಇದೆ. ಅಧಿಕಾರ ಕೊಟ್ಟವರು ಸತ್ತರೆ ಅಧಿಕಾರ ಕೊನೆಗೊಳ್ಳುತ್ತದೆ.

'ರಿಜಿಸ್ಟರ್ ಆಗಿದೆಯಲ್ಲ?' ಆಗಿರಲಿ. ಅಪ್ಪನೇ ಸಹಿ ಹಾಕಿದ್ದಾರೆ ಎನ್ನುವುದಕ್ಕೆ ಅದು ಪುರಾವೆ, ಅಷ್ಟೇ. 'ರದ್ದುಪಡಿಸಲಾಗದ ಜಿಪಿಎ ಎಂದು ಬರೆದಿದೆಯಲ್ಲ?' ಆ ಪದ ಬರೆದ ಮಾತ್ರಕ್ಕೆ ಏನೂ ಆಗದು. ಅದೇ ಕಾಯ್ದೆಯ 202ನೇ ಕಲಮಿನಂತೆ ಸಾವಿನ ನಂತರವೂ ಅಧಿಕಾರ ಉಳಿಯಬೇಕಾದರೆ ಅಧಿಕಾರ ಪಡೆದವರಿಗೆ ಆ ಆಸ್ತಿಯಲ್ಲೇ ಸ್ವಂತ ಹಿತಾಸಕ್ತಿ ಇರಬೇಕು. ಉದಾಹರಣೆಗೆ, ಕೊಟ್ಟ ಸಾಲ ವಸೂಲಿಗೆಂದು ಪಡೆದ ಅಧಿಕಾರ. 'ಮುಂದೆ ಹೇಗೂ ನನಗೇ ಬರುವ ಆಸ್ತಿ' ಎನ್ನುವುದು ಆ ಲೆಕ್ಕಕ್ಕೆ ಬಾರದು. 'ಜಿಪಿಎ ಇದ್ದರೆ ಸೈಟು ನನ್ನದೇ ಆದಂತೆ' ಎಂಬ ವಾದವನ್ನು ಸುಪ್ರೀಂ ಕೋರ್ಟ್ 2011ರ ಸೂರಜ್ ಲ್ಯಾಂಪ್ ತೀರ್ಪಿನಲ್ಲೇ ತಳ್ಳಿಹಾಕಿದೆ: ಜಿಪಿಎಯಿಂದ ಮಾಲೀಕತ್ವ ಬರುವುದಿಲ್ಲ, ನೋಂದಾಯಿತ ಕ್ರಯಪತ್ರ ಬೇಕು.

ಸಾವಿನ ಸುದ್ದಿ ತಿಳಿಯದೆ ಮಾಡಿದ ವ್ಯವಹಾರಕ್ಕೆ ಕಾನೂನಿನಲ್ಲಿ ಒಂದಿಷ್ಟು ರಕ್ಷಣೆ ಇದೆ, ನಿಜ. ಆದರೆ ಅಂತ್ಯಕ್ರಿಯೆ ಮಾಡಿದ ಮಗನೇ 'ನನಗೆ ಗೊತ್ತಿರಲಿಲ್ಲ' ಎನ್ನಲಾದೀತೇ? ಸಾವನ್ನು ಮುಚ್ಚಿಟ್ಟು ಕ್ರಯ ಮಾಡಿಕೊಟ್ಟರೆ ಅಕ್ಕ-ತಂಗಿಯರು ದಾವೆ ಹೂಡುತ್ತಾರೆ, ಕೊಂಡವರು ವಂಚನೆಯ ದೂರು ಕೊಡುತ್ತಾರೆ. ಅದೇ ಜಿಪಿಎ ತೋರಿಸಿ ಅಪ್ಪನ ಬ್ಯಾಂಕ್ ಖಾತೆಯಿಂದ ಹಣ ತೆಗೆಯುವುದೂ ಇಷ್ಟೇ ತಪ್ಪು.

ಮಾಡಬೇಕಾದದ್ದು: ಮರಣ ಪ್ರಮಾಣಪತ್ರ, ವಂಶವೃಕ್ಷ ತೆಗೆಸಿ. ವಿಲ್ ಇದ್ದರೆ ಅದರಂತೆ, ಇಲ್ಲದಿದ್ದರೆ ಎಲ್ಲ ವಾರಸುದಾರರ ಹೆಸರಿಗೆ ಖಾತೆ ಬದಲಾಯಿಸಿ. ಜಂಟಿಯಾಗಿ ಬಂದ ಸೈಟಾದರೆ ಕ್ರಯಪತ್ರಕ್ಕೆ ಅವರೆಲ್ಲರ ಸಹಿ ಬೇಕು. ಸಾವಿನ ನಂತರದ ಹಂಚಿಕೆ ವಿಲ್‌ನ ಕೆಲಸ. ಅದಕ್ಕೆ ಛಾಪಾ ಕಾಗದ ಬೇಡ, ನೋಂದಣಿಯೂ ಕಡ್ಡಾಯವಲ್ಲ. ಇಬ್ಬರು ಸಾಕ್ಷಿಗಳ ಸಹಿ ಮಾತ್ರ ಇರಲೇಬೇಕು. ಆ ಸಾಕ್ಷಿಗಳು ಆಸ್ತಿ ಪಡೆಯುವವರಾಗಿರದಿದ್ದರೆ ಒಳ್ಳೆಯದು.

ನೀವು ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ, ಏಕೆಂದರೆ ಹೆಚ್ಚು ಮನೆಗಳು ಎಡವುವುದು ಇಲ್ಲೇ. ಜಿಪಿಎ ಕೊಟ್ಟ ತಾಯಿ ಬದುಕಿದ್ದಾರೆ, ಆದರೆ ಮರೆವಿನ ಕಾಯಿಲೆಯಿಂದ ವ್ಯವಹಾರ ತಿಳಿಯದ ಸ್ಥಿತಿಗೆ ಬಂದಿದ್ದಾರೆ ಎಂದುಕೊಳ್ಳಿ. ಆಗಲೂ 201ನೇ ಕಲಮಿನ ಪ್ರಕಾರ ಜಿಪಿಎ ನಿಲ್ಲುತ್ತದೆ. ಬುದ್ಧಿ ಸ್ವಾಧೀನ ತಪ್ಪಿದ ಮೇಲೂ ಮುಂದುವರಿಯುವ ಅಧಿಕಾರಪತ್ರ ಕೆಲವು ದೇಶಗಳಲ್ಲಿದೆ. ನಮ್ಮಲ್ಲಿ ಅಂಥ ಕಾಯ್ದೆಯಿಲ್ಲ. ಆ ಸ್ಥಿತಿಯಲ್ಲಿ ಹೆಬ್ಬೆಟ್ಟು ಒತ್ತಿಸಿಕೊಂಡ ಹೊಸ ಜಿಪಿಎಯಂತೂ ಕಾಗದದ ಬೆಲೆಗೂ ಬಾರದು. ಆಗ ಉಳಿಯುವುದು ನ್ಯಾಯಾಲಯದ ದಾರಿ: ವೈದ್ಯಕೀಯ ದಾಖಲೆ ಇಟ್ಟು ಪಾಲಕರ ನೇಮಕಕ್ಕೆ ಅರ್ಜಿ, ಆಸ್ತಿ ಮಾರಲು ಅನುಮತಿ. ಅಷ್ಟರಲ್ಲಿ ಆಸ್ಪತ್ರೆಯ ಬಿಲ್ಲು ಕಾಯುವುದಿಲ್ಲ. ಹಾಗಾಗಿ ಅವರಿಗೆ ಎಲ್ಲವೂ ತಿಳಿಯುತ್ತಿರುವಾಗಲೇ, ಅವರ ಒಪ್ಪಿಗೆಯಿಂದ, ಚಿಕಿತ್ಸೆಗೆ ಬೇಕಾಗುವಷ್ಟು ಹಣವನ್ನು ಇಬ್ಬರಲ್ಲಿ ಯಾರ ಸಹಿಗಾದರೂ ನಡೆಯುವ ಜಂಟಿ ಖಾತೆಯಲ್ಲಿ ಇಡಿಸಿ.