ಒಂದು ಉಂಗುರ ಬದಲಾದರೆ ಕೆಂಪು ನೀಲಿಯಾಗುತ್ತದೆ

ಹೊಸ ಸೀರೆ ತಂದ ಕೂಡಲೇ ಬಕೆಟ್ ನೀರಿಗೆ ಒಂದು ಹಿಡಿ ಕಲ್ಲುಪ್ಪು ಹಾಕಿ ನೆನೆಸಿಡುತ್ತೇವೆ, ಬಣ್ಣ ಬಿಡಬಾರದು ಅಂತ. ಸೀರೆ ಪಾಲಿಯೆಸ್ಟರ್ ಆಗಿದ್ದರೆ ಆ ಉಪ್ಪು ದಂಡ. ಹತ್ತಿಗೆ ಬಣ್ಣ ಕಟ್ಟುವಾಗ ತೊಟ್ಟಿಗೆ ಉಪ್ಪು ಹಾಕುವುದುಂಟು, ನಿಜ. ಆದರೆ ಪಾಲಿಯೆಸ್ಟರಿಗೆ ಹಾಕುವ ಡಿಸ್ಪರ್ಸ್ ಬಣ್ಣಗಳು ನೀರಲ್ಲಿ ಕರಗುವುದೇ ಅಪರೂಪ. ಅವುಗಳ ಕಥೆಯೇ ಬೇರೆ.

ಇವುಗಳಲ್ಲಿ ಜಾಸ್ತಿ ಪಾಲು ಅಜೋ ಬಣ್ಣಗಳು. ಎರಡು ಸಾರಜನಕ ಪರಮಾಣುಗಳ ಒಂದು ಸೇತುವೆ, ಆಚೆಗೊಂದು ಈಚೆಗೊಂದು ಪರಮಾಣುಗಳ ಉಂಗುರ. ಇವನ್ನು ತಯಾರಿಸುವ ದಾರಿ ತೋರಿಸಿದ್ದು ಜರ್ಮನಿಯ ಪೀಟರ್ ಗ್ರೀಸ್, 1858ರಲ್ಲಿ. ಬಣ್ಣದ ಲೋಕವನ್ನೇ ಬದಲಿಸಿದ ಈತ ಆಮೇಲೆ 25ಕ್ಕೂ ಹೆಚ್ಚು ವರ್ಷ ದುಡಿದದ್ದು ಇಂಗ್ಲೆಂಡಿನ ಬರ್ಟನ್ ಊರಿನ ಬಿಯರ್ ಕಾರ್ಖಾನೆಯಲ್ಲಿ!

ಇವತ್ತಿಗೂ ಅದೇ ದಾರಿ. ಅಮೀನನ್ನು, ಅಂದರೆ ಸಾರಜನಕ ಅಂಟಿದ ಮೊದಲ ಉಂಗುರವನ್ನು, ಆಮ್ಲದಲ್ಲಿ ಕರಗಿಸಿ, ಮಂಜುಗಡ್ಡೆಯಲ್ಲಿ 0ರಿಂದ 5 ಡಿಗ್ರಿಗೆ ತಂಪಾಗಿಸಿ, ಸೋಡಿಯಂ ನೈಟ್ರೈಟ್ ಹನಿಹನಿಯಾಗಿ ಬಿಡಬೇಕು. ಬಿಸಿಯಾಯಿತೋ, ಸಾರಜನಕ ಗುಳ್ಳೆಯಾಗಿ ಹಾರಿಹೋಗುತ್ತದೆ. ಗಂಧಕ ಮತ್ತು ಸಾರಜನಕ ಸೇರಿದ ಥಯಜೋಲ್ ಉಂಗುರದ ಅಮೀನುಗಳು ಇನ್ನೂ ಹಟಮಾರಿ. ಅವಕ್ಕೆ ಸಾಮಾನ್ಯವಾಗಿ ಗಟ್ಟಿ ಸಲ್ಫ್ಯೂರಿಕ್ ಆಮ್ಲವೇ ಬೇಕು. ಹೀಗೆ ತಯಾರಾದದ್ದನ್ನು ಎರಡನೇ ಉಂಗುರದ ದ್ರಾವಣಕ್ಕೆ ಸುರಿದರೆ ಕಣ್ಣೆದುರೇ ಬಣ್ಣ ಹುಟ್ಟುತ್ತದೆ.

ನನಗೆ ಅತಿ ಇಷ್ಟವಾದ ಭಾಗ ಇದು. ಡಿಸ್ಪರ್ಸ್ ರೆಡ್ 1 ಕೆಂಪು ಬಣ್ಣ. ಅದರಲ್ಲಿ ನೈಟ್ರೋ ಗುಂಪು (ಸಾರಜನಕ-ಆಮ್ಲಜನಕದ ಗುಂಪು) ಹೊತ್ತ ಬೆಂಜೀನ್ ಉಂಗುರವಿದೆ, ಆರು ಇಂಗಾಲಗಳದ್ದು. ಅಲ್ಲಿ ಬೆಂಜೀನ್ ತೆಗೆದು, ಆ ಥಯಜೋಲ್ ಉಂಗುರ ಕೂರಿಸಿ, ಇನ್ನೊಂದು ತುದಿಗೆ ಒಂದು ಮಿಥೈಲ್ (ಇಂಗಾಲದ ಪುಟ್ಟ ಗುಂಪು) ಸೇರಿಸಿ. ಸಿಗುವುದು ಡಿಸ್ಪರ್ಸ್ ಬ್ಲೂ 106. ಕೆಂಪು ಹೋಗಿ ನೀಲಿ! ಯಾಕೆ ಹೀಗೆ? ಬೆಳಕು ತಾಗಿದಾಗ ಎಲೆಕ್ಟ್ರಾನುಗಳು ಅಣುವಿನ ಒಂದು ತುದಿಯಿಂದ ಇನ್ನೊಂದಕ್ಕೆ ಸರಿಯುತ್ತವೆ. ಅದಕ್ಕೆ ಬೇಕಾದಷ್ಟೇ ಶಕ್ತಿಯ ಬೆಳಕನ್ನು ಅಣು ನುಂಗುತ್ತದೆ, ಉಳಿದದ್ದು ನಮ್ಮ ಕಣ್ಣಿಗೆ. ಬೆಂಜೀನ್ ಜಿಪುಣ, ಎಲೆಕ್ಟ್ರಾನುಗಳನ್ನು ಮುಷ್ಟಿಯಲ್ಲಿ ಹಿಡಿದಿಡುತ್ತದೆ. ಥಯಜೋಲಿನ ಮುಷ್ಟಿ ಸಡಿಲ, ಜೊತೆಗೆ ಅದು ಆಚೆ ತುದಿಯ ಎಲೆಕ್ಟ್ರಾನುಗಳನ್ನು ತನ್ನತ್ತ ಎಳೆಯುತ್ತದೆ. ವೀಣೆಯ ತಂತಿ ಸಡಿಲಿಸಿದರೆ ಸ್ವರ ಇಳಿಯುತ್ತೆ, ಅಲ್ವಾ? ಉಯ್ಯಾಲೆಯ ಹಗ್ಗ ಉದ್ದವಾದರೆ ತೂಗು ನಿಧಾನವಾಗುತ್ತೆ. ಇಲ್ಲೂ ಹಾಗೆಯೇ, ಕಡಿಮೆ ಶಕ್ತಿಯ ಬೆಳಕೇ ಸಾಕಾಗುತ್ತದೆ. ಹಸಿರು-ನೀಲಿ ನುಂಗುತ್ತಿದ್ದ ಅಣು ಈಗ ಹಳದಿ-ಕಿತ್ತಳೆ ನುಂಗುತ್ತದೆ.

ಇನ್ನು ಬಟ್ಟೆ. ಪಾಲಿಯೆಸ್ಟರ್ ಎಳೆ ತಣ್ಣಗಿದ್ದಾಗ ಮುಚ್ಚಿದ ಬಾಗಿಲು. ಪ್ರೆಷರ್ ಕುಕ್ಕರಿನಂತೆ ಬಿಗಿದ ಸ್ಟೀಲ್ ಡಬ್ಬಿಯಲ್ಲಿ 130 ಡಿಗ್ರಿಗೆ ಕಾಯಿಸಿದರೆ ಎಳೆಯ ಒಳಗೆ ಜಾಗವಾಗುತ್ತದೆ, ಬಣ್ಣ ನುಸುಳುತ್ತದೆ. ಆರಿದ ಮೇಲೆ ಬಾಗಿಲು ಮತ್ತೆ ಮುಚ್ಚಿತು. ಬಕೆಟ್ಟಿನ ಉಪ್ಪು ಅಲ್ಲಿಗೆ ಹೋಗಿ ಮಾಡುವುದೇನು?

ಆಮೇಲೆ ಪರೀಕ್ಷೆ. ಬಣ್ಣದ ತುಂಡಿಗೆ ಬಿಳಿ ಬಟ್ಟೆ ಹೊಲಿದು ಸೋಪಿನಲ್ಲಿ ತೊಳೆಯುತ್ತಾರೆ. ಬಿಳಿಗೆ ಎಷ್ಟು ಕಲೆಯಾಯಿತೆಂದು ಬೂದು ಪಟ್ಟಿಯ ಜೊತೆ ಹೋಲಿಸಿ 1ರಿಂದ 5ರವರೆಗೆ ಅಂಕ ಕೊಡುತ್ತಾರೆ. ಬೆಳಕಿಗೆ ಬಣ್ಣ ಎಷ್ಟು ಮಾಸದೆ ಉಳಿಯುತ್ತದೆಂಬುದಕ್ಕೆ ಅಂಕ 1ರಿಂದ 8. ಒಣ ಬಟ್ಟೆಯಲ್ಲಿ ಉಜ್ಜುತ್ತಾರೆ, ಒದ್ದೆ ಬಟ್ಟೆಯಲ್ಲೂ ಉಜ್ಜುತ್ತಾರೆ.

ಆದರೆ ಈ ಅಂಕಗಳಲ್ಲಿ ಚರ್ಮದ ಮಾತಿಲ್ಲ. ಅದೇ ಡಿಸ್ಪರ್ಸ್ ಬ್ಲೂ 106 ಕೆಲವರಿಗೆ ಅಲರ್ಜಿ ತರುವ ಬಣ್ಣವೆಂದು ಚರ್ಮರೋಗ ತಜ್ಞರಿಗೆ ಚೆನ್ನಾಗಿ ಗೊತ್ತು. ಗಾಢ ನೀಲಿ ಅಥವಾ ಕಪ್ಪು ಬಟ್ಟೆ ಬೆವರಿನಲ್ಲಿ ಒದ್ದೆಯಾಗಿ ಮೈಗೆ ಉಜ್ಜುವ ಕಡೆ, ಕಂಕುಳ ಸುತ್ತ, ಸೊಂಟದ ಪಟ್ಟಿಯಲ್ಲಿ, ತುರಿಕೆ ಏಳುತ್ತದೆ.